ಎರಡು ಡಬ್ಬಿ ಸೋರ್ಬೆ

ಫ್ರೀಜರಿನಲ್ಲಿ 12 ಗಂಟೆ ಇಟ್ಟರೂ ಅದು ಗಟ್ಟಿಯಾಗಲಿಲ್ಲ. ಡಬ್ಬಿಯನ್ನು ಓರೆ ಮಾಡಿದರೆ ಕಡುಗೆಂಪು ರಸ ನಿಧಾನಕ್ಕೆ ಒಂದು ಮೂಲೆಗೆ ಜಾರುತ್ತಿತ್ತು. ಒದ್ದೆ ಮರಳಿನ ಹಾಗೆ ಒಂದಷ್ಟು ಹರಳು, ಅವುಗಳ ನಡುವೆ ನೀರು. ಚಮಚದಲ್ಲಿ ತೆಗೆದರೆ ಬಟ್ಟಲಿಗೆ ಬೀಳುವ ಮೊದಲೇ ಕರಗುತ್ತಿತ್ತು.

ರುಚಿ ಮಾತ್ರ ತುಂಬಾ ಚೆನ್ನಾಗಿತ್ತು. ಅದಕ್ಕೇ ಬಿಟ್ಟುಬಿಡಲು ಮನಸ್ಸಾಗಲಿಲ್ಲ.

ಶುರುವಾದದ್ದು ಹೀಗೆ. ಮನೆಯಲ್ಲಿ ಕೆಂಪು ವೈನಿನ ಬಾಟಲಿಯೊಂದು ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಬುಟ್ಟಿಯಲ್ಲಿ ಪ್ಲಮ್ ಹಣ್ಣುಗಳಿದ್ದವು, ಇನ್ನೊಂದು ದಿನ ಬಿಟ್ಟರೆ ಕೊಳೆಯುವಷ್ಟು ಕಳಿತಿದ್ದವು. ಎರಡಕ್ಕೂ ಹುಳಿ ಇದೆ, ಎರಡಕ್ಕೂ ಒಗರು ಇದೆ, ಬಣ್ಣವೂ ಒಂದೇ. ಜೋಡಿಯಾಗಿ ಚೆನ್ನಾಗಿರುತ್ತವೆ ಅನ್ನಿಸಿತು. ಹಣ್ಣು ಬೇಯಿಸಿ, ಅರೆದು, ಸೋಸಿ, ಸಕ್ಕರೆ ಹಾಕಿ, ಉಳಿದಿದ್ದ 500 ಮಿ.ಲೀ. ವೈನನ್ನು ಪೂರ್ತಿ ಸುರಿದೆ. ಅಳತೆ ಬೇಕು ಅಂತ ಆಗ ಗೊತ್ತಿರಲಿಲ್ಲ.

ಸೋರ್ಬೆ ಅಂದರೆ ಹಣ್ಣಿನ ತಿರುಳು, ಸಕ್ಕರೆ, ನೀರು ಇಷ್ಟನ್ನೇ ಹೆಪ್ಪುಗಟ್ಟಿಸಿದ ತಿನಿಸು. ಹಾಲಿಲ್ಲ, ಕೆನೆಯಿಲ್ಲ, ಮೊಟ್ಟೆಯಿಲ್ಲ. ಆ ಹೆಸರೂ ನಾವು ದಿನಾ ಆಡುವ ಶರಬತ್ತೂ ಒಂದೇ ಬೇರಿನವು. ಅರಬ್ಬೀ ಭಾಷೆಯಲ್ಲಿ ಕುಡಿಯುವುದಕ್ಕೆ ಇರುವ ಪದದಿಂದ ಎರಡೂ ಬಂದಿವೆ. ನಮಗೆ ಅದು ಲೋಟದಲ್ಲಿ ಬಂತು, ಇಟಲಿ ಮತ್ತು ಫ್ರಾನ್ಸಿಗೆ ಹೋಗಿ ಬಟ್ಟಲಿನಲ್ಲಿ ಕೂತಿತು. ಕೊಬ್ಬಿಲ್ಲದ ಕಾರಣ ಇದರಲ್ಲಿ ಬಚ್ಚಿಡಲು ಜಾಗವೇ ಇಲ್ಲ. ಐಸ್ ಕ್ರೀಮಿನಲ್ಲಿ ಕೆನೆಯ ನುಣುಪು ಎಷ್ಟೋ ತಪ್ಪುಗಳನ್ನು ಮುಚ್ಚುತ್ತದೆ. ಇಲ್ಲಿ ಸಕ್ಕರೆ ಒಂದಿಷ್ಟು ಕಡಿಮೆಯಾದರೆ ಕಲ್ಲು, ವೈನ್ ಒಂದಿಷ್ಟು ಜಾಸ್ತಿಯಾದರೆ ನೀರು.

ಯಾಕೆ ಹೀಗೆ ಅಂತ ಓದುತ್ತಾ ಹೋದಾಗ ನನಗೆ ನಿಜಕ್ಕೂ ಖುಷಿಯಾಯಿತು. ನೀರು ಗಡ್ಡೆಕಟ್ಟಬೇಕಾದರೆ ಅದರ ಅಣುಗಳು ಸಾಲಾಗಿ ಕೂಡಬೇಕು. ಅದರಲ್ಲಿ ಬೇರೆ ಏನಾದರೂ ಕರಗಿದ್ದರೆ ಆ ಕೂಡುವಿಕೆಗೆ ಅಡ್ಡಿಯಾಗುತ್ತದೆ, ಇನ್ನೂ ಜಾಸ್ತಿ ತಂಪು ಬೇಕಾಗುತ್ತದೆ. ಎಷ್ಟು ಅಡ್ಡಿ ಅನ್ನುವುದು ಕರಗಿದ್ದರ ತೂಕದ ಮೇಲೆ ನಿಂತಿಲ್ಲ, ಅಣುಗಳ ಎಣಿಕೆಯ ಮೇಲೆ ನಿಂತಿದೆ. ಸಕ್ಕರೆಯ ಅಣುತೂಕ 342, ಆಲ್ಕೋಹಾಲಿನದು 46. ಹಾಗಾಗಿ ಒಂದು ಗ್ರಾಂ ಆಲ್ಕೋಹಾಲಿನಲ್ಲಿ ಒಂದು ಗ್ರಾಂ ಸಕ್ಕರೆಗಿಂತ 7 ಪಟ್ಟು ಜಾಸ್ತಿ ಅಣುಗಳಿರುತ್ತವೆ. ನಾನು ಸುರಿದ 500 ಮಿ.ಲೀ. ವೈನ್ ಶೇ 12.5ರದ್ದು. ಅದರಲ್ಲಿ ಸುಮಾರು 49 ಗ್ರಾಂ ಆಲ್ಕೋಹಾಲ್ ಇತ್ತು. ಹೆಪ್ಪುಗಟ್ಟದಂತೆ ತಡೆಯುವ ಲೆಕ್ಕದಲ್ಲಿ ಅದು 360 ಗ್ರಾಂ ಸಕ್ಕರೆಗೆ ಸಮ. ನಾನು ಹಾಕಿದ್ದ ಸಕ್ಕರೆ ಅದರ ಮೇಲೆ ಬೇರೆ! ಫ್ರೀಜರ್ ಇರುವುದೇ ಮೈನಸ್ 18 ಡಿಗ್ರಿಯಲ್ಲಿ. ಅದು ತಾನೇ ಏನು ಮಾಡೀತು?

ವೈನಿನ ಈ ಹಟ ಹಳೆಯ ಕಾಲದವರಿಗೂ ಗೊತ್ತಿತ್ತು. 16ನೇ ಶತಮಾನದಲ್ಲಿ ನೇಪಲ್ಸಿನ ಜಾಂಬಟಿಸ್ಟಾ ಡೆಲ್ಲಾ ಪೋರ್ಟಾ ಎಂಬ ಪಂಡಿತ ವೈನನ್ನು ಹೆಪ್ಪುಗಟ್ಟಿಸುವ ವಿಧಾನ ಬರೆದಿಟ್ಟ. ಹಿಮಕ್ಕೆ ಪೆಟ್ಲುಪ್ಪು ಬೆರೆಸಬೇಕು, ವೈನ್ ತುಂಬಿದ ಸೀಸೆಯನ್ನು ಅದರೊಳಗೆ ತಿರುಗಿಸುತ್ತಾ ಇರಬೇಕು. ಬೇಗ ಆಗಲಿ ಅಂತ ವೈನಿಗೆ ಮೊದಲೇ ಸ್ವಲ್ಪ ನೀರು ಸೇರಿಸಿಕೊಳ್ಳಿ ಎಂದೂ ಹೇಳಿದ್ದಾನೆ. ಇದನ್ನು ಓದಿದ ದಿನ ನನ್ನ ಡಬ್ಬಿಯ ಕೆಂಪು ನೀರು ಕಣ್ಣ ಮುಂದೆ ಬಂತು.

ಎರಡನೇ ಸಲ ವೈನನ್ನು ಪೂರ್ತಿ ಕುದಿಸಿದೆ. ಅಗಲ ಬಾಯಿಯ ಪಾತ್ರೆಯಲ್ಲಿ 500 ಮಿ.ಲೀ. ಹಾಕಿ, 150 ಮಿ.ಲೀ.ಗೆ ಇಳಿಸಿದೆ. ಅಡುಗೆಮನೆಯೆಲ್ಲ ಘಮ ಘಮ. ಆದರೆ ಅದೇ ಎಡವಟ್ಟು. ಘಮವೆಲ್ಲ ಗಾಳಿಗೆ ಹೋದರೆ ಪಾತ್ರೆಯಲ್ಲಿ ಉಳಿಯುವುದೇನು? ಬೇಯಿಸಿದ ಜಾಮಿನಂಥ ಗಾಢ ರುಚಿ ಉಳಿಯಿತು, ವೈನಿನ ಲವಲವಿಕೆ ಹೋಯಿತು. ಹಳೆಯ ಅಳತೆಯಷ್ಟೇ ಸಕ್ಕರೆ ಹಾಕಿದ್ದರಿಂದ ಈ ಸಲ ಸೋರ್ಬೆ ಕಲ್ಲಾಯಿತು. ಹೊರಗಿಟ್ಟು ಕಾಲು ಗಂಟೆ ಕಾದ ಮೇಲೆ ಚಮಚ ಇಳಿಯಿತು.

ಆ ಎರಡನೇ ಸೋರ್ಬೆಯನ್ನೇ ನಾನು ಗೆಳೆಯನ ಮುಂದೆ ಇಟ್ಟದ್ದು.

ಅವನು ಕುಡಿತ ಬಿಟ್ಟು ನಾಲ್ಕು ವರ್ಷವಾಗಿತ್ತು. ಅದು ಎಷ್ಟು ಕಷ್ಟದ ನಾಲ್ಕು ವರ್ಷ ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ಊಟ ಮುಗಿದ ಮೇಲೆ ಬಟ್ಟಲು ಕೊಟ್ಟೆ. ಅವನು ಚಮಚವನ್ನು ಬಾಯಿಯ ಹತ್ತಿರ ತಂದು ನಿಲ್ಲಿಸಿದ.

"ಇದರಲ್ಲಿ ವೈನ್ ಇದೆಯಾ?"

"ಇತ್ತು. ಚೆನ್ನಾಗಿ ಕುದಿಸಿದ್ದೀನಿ. ಆಲ್ಕೋಹಾಲ್ ಎಲ್ಲ ಹೋಗಿರುತ್ತೆ, ಏನೂ ಉಳಿದಿರಲ್ಲ."

ಎಷ್ಟು ಸಲೀಸಾಗಿ ಹೇಳಿದೆ! ಅವನು ಚಮಚ ಕೆಳಗಿಟ್ಟ. ಬೇಜಾರು ಮಾಡಿಕೊಳ್ಳಲಿಲ್ಲ, ದನಿಯನ್ನೂ ಏರಿಸಲಿಲ್ಲ. ಬಟ್ಟಲನ್ನು ಮೆಲ್ಲಗೆ ನನ್ನ ಕಡೆ ಸರಿಸಿದ. "ಉಳಿದಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ವಾಸನೆ ಬಂತು. ನನಗೆ ಅಷ್ಟು ಸಾಕು," ಅಂದ.

ಅವನು ಹೋದ ಮೇಲೆ ನಾನು ಹೇಳಿದ ಮಾತು ನಿಜವೋ ಅಂತ ಹುಡುಕಿದೆ. ನಿಜವಲ್ಲ. ಆಲ್ಕೋಹಾಲ್ 78 ಡಿಗ್ರಿಗೇ ಕುದಿಯುತ್ತದೆ, ನೀರಿಗಿಂತ ಮೊದಲು ಹಾರಿಹೋಗುತ್ತದೆ ಅಂತ ನಾವೆಲ್ಲ ಓದಿದ್ದೇವೆ, ಅಲ್ವಾ? ಆದರೆ ನೀರಿನ ಜೊತೆ ಬೆರೆತ ಆಲ್ಕೋಹಾಲ್ ಅಷ್ಟು ಸುಲಭಕ್ಕೆ ಬಿಟ್ಟು ಹೋಗುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯೊಂದಿದೆ. ಅದರ ಪ್ರಕಾರ, ಅಡುಗೆಗೆ ಬೆರೆಸಿ 15 ನಿಮಿಷ ಕುದಿಸಿದರೆ ಶೇ 40ರಷ್ಟು ಉಳಿದಿರುತ್ತದೆ. ಅರ್ಧ ಗಂಟೆಗೆ ಶೇ 35. ಒಂದು ಗಂಟೆಗೆ ಶೇ 25. ಎರಡೂವರೆ ಗಂಟೆಯ ಮೇಲೂ ಶೇ 5. ಅಗಲ ಪಾತ್ರೆಯಲ್ಲಿ ಮೂರನೇ ಒಂದು ಭಾಗಕ್ಕೆ ಇಳಿಸಿದರೆ ಇದಕ್ಕಿಂತ ಜಾಸ್ತಿಯೇ ಹೋಗುತ್ತದೆ, ನಿಜ. ಆದರೂ "ಏನೂ ಉಳಿದಿರಲ್ಲ" ಅನ್ನಲು ನನಗೆ ಯಾವ ಆಧಾರವೂ ಇರಲಿಲ್ಲ. ಅದೂ ಅವನಿಗೆ.

ಅಂದಿನಿಂದ ಮನೆಗೆ ಬಂದವರಿಗೆ ಬಟ್ಟಲು ಕೊಡುವ ಮೊದಲೇ ಹೇಳುತ್ತೇನೆ, ಕೇಳುವವರೆಗೆ ಕಾಯುವುದಿಲ್ಲ. ಮಕ್ಕಳಿಗೆ ಕೊಡುವುದಿಲ್ಲ, ಬಸುರಿಯರಿಗೂ ಇಲ್ಲ. ತಣ್ಣಗಿರುವ ಕಾರಣ ಇದು ಹಣ್ಣಿನ ತಿಂಡಿಯ ಹಾಗೆ ಕಾಣುತ್ತದೆ, ಒಳಗಿರುವ ವೈನ್ ಗೊತ್ತಾಗುವುದಿಲ್ಲ.

ಮೂರನೇ ಸಲ ಮಾಡಿದ್ದು ಸರಿಯಾಯಿತು. ಈಗಲೂ ಅದೇ ಅಳತೆ ಇಟ್ಟುಕೊಂಡಿದ್ದೇನೆ.

ಬೀಜ ತೆಗೆದ ಪ್ಲಮ್ ಹಣ್ಣನ್ನು ಸಿಪ್ಪೆಯ ಸಮೇತ ಮೆತ್ತಗೆ ಬೇಯಿಸಬೇಕು. ಬಣ್ಣವೆಲ್ಲ ಆ ಸಿಪ್ಪೆಯಲ್ಲೇ ಇರುವುದು, ಬಿಸಾಡಬೇಡಿ. ಸಕ್ಕರೆ 180 ಗ್ರಾಂ, ಬೇಯುತ್ತಿರುವಾಗಲೇ ಹಾಕಿದರೆ ಚೆನ್ನಾಗಿ ಕರಗುತ್ತದೆ. ಮಿಕ್ಸಿಯಲ್ಲಿ ಅರೆದು ಜರಡಿಯಲ್ಲಿ ಸೋಸಿದಾಗ ಸಕ್ಕರೆಯ ತೂಕ ಬಿಟ್ಟು ಹಣ್ಣಿನದೇ ಸುಮಾರು 600 ಗ್ರಾಂ ತಿರುಳು ಸಿಗಬೇಕು. ಒಂದು ದೊಡ್ಡ ಚಮಚ ನಿಂಬೆರಸ ಹಿಂಡಿ. ಆ ಕ್ಷಣವನ್ನು ನೋಡಬೇಕು ನೀವು. ಮಂಕಾಗಿದ್ದ ನೇರಳೆ ಬಣ್ಣ ಹುಳಿ ತಾಗಿದ ಕೂಡಲೇ ಕೆಂಪಿಗೆ ತಿರುಗುತ್ತದೆ. ಹಣ್ಣಿನ ಬಣ್ಣದ ಗುಣವೇ ಅದು, ಹುಳಿಯಲ್ಲಿ ಕೆಂಪು, ಹುಳಿ ಕಡಿಮೆಯಾದಂತೆ ನೀಲಿಯ ಕಡೆ ವಾಲುತ್ತದೆ.

ವೈನ್ ಒಟ್ಟು 400 ಮಿ.ಲೀ. ಅದರಲ್ಲಿ 300 ಮಿ.ಲೀ.ಯನ್ನು ಬೇರೆಯಾಗಿ ಕುದಿಸಿ 100 ಮಿ.ಲೀ.ಗೆ ಇಳಿಸುತ್ತೇನೆ. ಅದು ಆಳವಾದ ರುಚಿಗೆ. ಉಳಿದ 100 ಮಿ.ಲೀ.ಯನ್ನು ಒಲೆಯ ಹತ್ತಿರವೂ ಒಯ್ಯುವುದಿಲ್ಲ. ಎಲ್ಲ ತಣ್ಣಗಾದ ಮೇಲೆ ಹಸಿಯಾಗಿಯೇ ಬೆರೆಸುತ್ತೇನೆ. ಅದು ಘಮಕ್ಕೆ. ಕುದಿಸಿದ್ದು ಹಣ್ಣಿನ ಜೊತೆ ಒಂದಾಗಿಬಿಡುತ್ತದೆ, ಹಸಿಯದು ಮೂಗಿಗೆ ಮೊದಲು ಬರುತ್ತದೆ. ಎರಡೂ ಬೇಕು. ಹಣ್ಣಿನ ಸಕ್ಕರೆಯೂ ಸೇರಿ ಇಡೀ ಮಿಶ್ರಣದ ಕಾಲು ಭಾಗದಷ್ಟು ಸಕ್ಕರೆ ಇದ್ದರೆ ಹದ ಸರಿ ಬರುತ್ತದೆ.

ಹಣ್ಣಿನ ಸಿಹಿ ಪ್ರತಿ ಸಲ ಬೇರೆ ಇರುತ್ತದೆ, ಆಗ ಹೇಗೆ? ಅದಕ್ಕೊಂದು ಹಳೆಯ ಉಪಾಯವಿದೆ. ತೊಳೆದ ಹಸಿ ಮೊಟ್ಟೆಯನ್ನು ತಣ್ಣಗಿನ ಮಿಶ್ರಣದಲ್ಲಿ ಇಳಿಬಿಡುವುದು. ಸಕ್ಕರೆ ಕಡಿಮೆಯಿದ್ದರೆ ಮುಳುಗುತ್ತದೆ. ಸರಿಯಿದ್ದರೆ ನಾಣ್ಯದಗಲದಷ್ಟು ಭಾಗ ಮಾತ್ರ ಮೇಲೆ ಕಾಣುತ್ತದೆ. ಇದನ್ನು ವೈನ್ ಹಾಕುವ ಮೊದಲೇ ಮಾಡಬೇಕು. ಆಲ್ಕೋಹಾಲ್ ನೀರಿಗಿಂತ ಹಗುರ. ಅದು ಸೇರಿದ ಮೇಲೆ ಮೊಟ್ಟೆ ಬೇಗ ಮುಳುಗುತ್ತದೆ, ಸಕ್ಕರೆ ಸಾಲದು ಅಂತ ಅನ್ನಿಸುತ್ತದೆ. ನೀವು ಇನ್ನೂ ಸಕ್ಕರೆ ಸುರಿಯುತ್ತೀರಿ, ಸೋರ್ಬೆ ಮತ್ತೆ ನೀರಾಗುತ್ತದೆ.

ನಾಲಗೆಗೂ ಸ್ವಲ್ಪ ಅಭ್ಯಾಸ ಬೇಕು. ತಂಪಿನಲ್ಲಿ ಸಿಹಿ ಮಂಕಾಗುತ್ತದೆ. ಮಿಶ್ರಣ ಹೊರಗಿರುವಾಗ "ಒಂಚೂರು ಸಿಹಿ ಜಾಸ್ತಿಯಾಯಿತು" ಅನ್ನಿಸಬೇಕು, ಆಗ ಹೆಪ್ಪುಗಟ್ಟಿದ ಮೇಲೆ ಸರಿಯಾಗುತ್ತದೆ. ಒಗರು ಮತ್ತು ಕಹಿಯದ್ದು ತಿರುಗುಮುರುಗು, ತಂಪಿನಲ್ಲಿ ಅವು ಎದ್ದು ಕಾಣುತ್ತವೆ. ಬಾಯಿ ಒಣಗಿಸುವಂಥ ಒಗರು ವೈನ್ ಊಟಕ್ಕೆ ಎಷ್ಟೇ ಚೆನ್ನಾಗಿರಲಿ, ಸೋರ್ಬೆಗೆ ಬೇಡ. ಒಗರು ಕಡಿಮೆಯಿರುವ, ಹಣ್ಣಿನ ಘಮ ಜಾಸ್ತಿಯಿರುವ ಕೆಂಪು ವೈನ್ ಸಾಕು. ದುಬಾರಿಯದು ಬೇಕಿಲ್ಲ. ಆದರೆ ವಿನೆಗರ್ ವಾಸನೆ ಬರುತ್ತಿರುವ ಹಳೆಯ ವೈನನ್ನು ಹಾಕಬೇಡಿ, ಆ ವಾಸನೆ ಸೋರ್ಬೆಯಲ್ಲೂ ಬರುತ್ತದೆ.

ನನ್ನ ಹತ್ತಿರ ಯಂತ್ರವಿಲ್ಲ. ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಸುರಿದು ಫ್ರೀಜರಿನಲ್ಲಿ ಇಡುತ್ತೇನೆ. ಮಿಶ್ರಣವನ್ನು ಮೊದಲು ಫ್ರಿಜ್ಜಿನಲ್ಲಿ ಚೆನ್ನಾಗಿ ತಣ್ಣಗಾಗಿಸಿರಬೇಕು. ಮುಕ್ಕಾಲು ಗಂಟೆಗೆ ಅಂಚಿನಲ್ಲಿ ಹರಳು ಕಟ್ಟಲು ಶುರುವಾಗುತ್ತದೆ. ಫೋರ್ಕಿನಿಂದ ಅದನ್ನು ಕೆರೆದು ನಡುವಿಗೆ ತರುತ್ತೇನೆ. ಮತ್ತೆ ಅರ್ಧ ಗಂಟೆ, ಮತ್ತೆ ಕೆರೆಯುವುದು. ಹೀಗೆ ನಾಲ್ಕೈದು ಸಲ. ಹರಳು ಚಿಕ್ಕದಾದಷ್ಟೂ ಸೋರ್ಬೆ ನುಣುಪು. ಸುಮಾರು 50 ಮೈಕ್ರಾನಿಗಿಂತ, ಅಂದರೆ ಒಂದು ಮಿಲಿಮೀಟರಿನ 20ನೇ ಒಂದು ಭಾಗಕ್ಕಿಂತ ಚಿಕ್ಕದಿದ್ದರೆ ನಾಲಗೆಗೆ ಹರಳು ಅಂತಲೇ ತಿಳಿಯುವುದಿಲ್ಲ. ಕೈಯಲ್ಲಿ ಕೆರೆದು ಅಷ್ಟು ಸಣ್ಣದಾಗುವುದು ಕಷ್ಟ. ಹಾಗಾಗಿ ಕೊನೆಗೆ ಎಲ್ಲವನ್ನೂ ಮಿಕ್ಸಿಗೆ ಹಾಕಿ ಒಂದೆರಡು ಸುತ್ತು ತಿರುಗಿಸಿ, ಕರಗುವ ಮೊದಲೇ ಡಬ್ಬಿಗೆ ತುಂಬಿಬಿಡುತ್ತೇನೆ. ಮಿಕ್ಸಿ ಜಾರನ್ನೂ ಡಬ್ಬಿಯನ್ನೂ ಮೊದಲೇ ಫ್ರೀಜರಿನಲ್ಲಿ ಇಟ್ಟಿದ್ದರೆ ಒಳ್ಳೆಯದು.

ಈ ಕೆರೆಯುವ ಕೆಲಸ ನನಗೆ ಇಷ್ಟ. ಪ್ರತಿ ಸಲ ಬಾಗಿಲು ತೆರೆದಾಗ ತಟ್ಟೆ ಬೇರೆಯಾಗಿ ಕಾಣುತ್ತದೆ. ಮೊದಲು ಕನ್ನಡಿಯ ಹಾಗೆ ಹೊಳೆಯುವ ರಸ, ಆಮೇಲೆ ಅಂಚಿನಲ್ಲಿ ಗರಿಯಂಥ ಹರಳು, ಆಮೇಲೆ ಕೆಂಪು ಹಿಮ. ಬಣ್ಣವೂ ತಿಳಿಯಾಗುತ್ತಾ ಬರುತ್ತದೆ. ಒಳಗೆ ನಡೆಯುತ್ತಿರುವುದೂ ಚೆಂದದ ಸಂಗತಿ. ಗಡ್ಡೆಯಾಗುವುದು ಬರೀ ನೀರು. ನೀರು ಹರಳಾಗಿ ಬೇರೆಯಾದಷ್ಟೂ ಉಳಿದ ರಸದಲ್ಲಿ ಸಕ್ಕರೆ, ಹುಳಿ, ವೈನ್ ಎಲ್ಲ ದಟ್ಟವಾಗುತ್ತವೆ. ದಟ್ಟವಾದಷ್ಟೂ ಅದು ಹೆಪ್ಪುಗಟ್ಟುವುದು ಇನ್ನೂ ಕಷ್ಟ. ಹಾಗಾಗಿ ಮನೆಯ ಫ್ರೀಜರಿನಲ್ಲಿ ಸೋರ್ಬೆ ಎಂದೂ ಪೂರ್ತಿ ಗಟ್ಟಿಯಾಗುವುದಿಲ್ಲ. ಕೋಟಿಗಟ್ಟಲೆ ಹರಳುಗಳ ಸುತ್ತ ತೆಳುವಾದ ಪಾಕದ ಪದರ ಉಳಿದೇ ಇರುತ್ತದೆ. ಚಮಚ ಇಳಿಯುವುದು ಅದರಿಂದಲೇ. ಬಾಯಿಗಿಟ್ಟ ಕೂಡಲೇ ರುಚಿ ತಾಗುವುದೂ ಅದರಿಂದಲೇ.

ಬೇರೆ ಜೋಡಿಗಳನ್ನೂ ಮಾಡಿ ನೋಡಿದ್ದೇನೆ. ಸ್ಟ್ರಾಬೆರಿಯನ್ನು ಬೇಯಿಸಲೇಬಾರದು. ಸಕ್ಕರೆ ಬೆರೆಸಿ ಎರಡು ಗಂಟೆ ಬಿಟ್ಟರೆ ತಾನೇ ರಸ ಬಿಡುತ್ತದೆ, ಅದಕ್ಕೆ ರೋಸೆ ವೈನ್ ಚೆನ್ನ. ಮರಸೇಬಿಗೆ ಬಿಳಿ ವೈನ್, ಕತ್ತರಿಸಿದ ತಕ್ಷಣ ನಿಂಬೆರಸ ಸವರದಿದ್ದರೆ ಕಪ್ಪಾಗುತ್ತದೆ. ಪೀಚ್ ಹಣ್ಣಿಗೆ ಸಿಹಿ ವೈನ್ ಹಾಕುವುದಾದರೆ ಅದರೊಳಗಿನ ಸಕ್ಕರೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ನೊರೆಯುಕ್ಕುವ ವೈನ್ ಹಾಕಿದರೆ ಗುಳ್ಳೆಗಳೆಲ್ಲ ಕಲಕುವಾಗಲೇ ಹೋಗುತ್ತವೆ. ಅದನ್ನು ಸುಮ್ನೆ ಕುಡಿಯುವುದೇ ಮೇಲು. ಕಲ್ಲಂಗಡಿ ನನಗೆ ಒಮ್ಮೆಯೂ ಸರಿ ಬರಲಿಲ್ಲ, ಅದರಲ್ಲಿ ತಿರುಳಿಗಿಂತ ನೀರೇ ಜಾಸ್ತಿ.

ಪ್ಲಮ್ ಸೋರ್ಬೆ ಸರಿಯಾದ ದಿನ ಮೊದಲು ನೆನಪಾದವನು ಆ ಗೆಳೆಯ. ಅವನಿಗೂ ಒಂದು ಮಾಡಬೇಕು ಅನ್ನಿಸಿತು. ನಾನು ಮೊದಲು ಯೋಚಿಸಿದ್ದು ತಪ್ಪು ದಾರಿಯಲ್ಲಿ. ದ್ರಾಕ್ಷಿ ರಸ, ಚೂರು ವಿನೆಗರ್, ಒಂದೆರಡು ಮಸಾಲೆ ಹಾಕಿ ವೈನಿನ ರುಚಿಯನ್ನೇ ಬರಿಸಲು ನೋಡಿದೆ. ತಕ್ಕಮಟ್ಟಿಗೆ ಬಂತು ಕೂಡ. ಆಮೇಲೆ ಅವನ ಮಾತು ನೆನಪಾಯಿತು. ವಾಸನೆ ಬಂತು, ನನಗೆ ಅಷ್ಟು ಸಾಕು ಅಂದಿದ್ದ. ಅವನು ಬಿಟ್ಟು ಬಂದದ್ದನ್ನೇ ಬೇರೆ ವೇಷದಲ್ಲಿ ಅವನ ಮುಂದೆ ಇಡಲು ಹೊರಟಿದ್ದೆ. ಅದನ್ನು ಅಲ್ಲಿಗೇ ನಿಲ್ಲಿಸಿದೆ.

ವೈನಿನ ರುಚಿಯೇ ಬೇಡ ಅಂತಾದರೆ ಏನು ಬೇಕು? ಕೂತು ಯೋಚಿಸಿದಾಗ ವೈನ್ ಆ ಸೋರ್ಬೆಯಲ್ಲಿ ಏನೆಲ್ಲ ಮಾಡುತ್ತಿತ್ತು ಅಂತ ಒಂದೊಂದಾಗಿ ಹೊಳೆಯಿತು. ಘಮ ಕೊಡುತ್ತಿತ್ತು. ಹಣ್ಣಿನ ಸಿಹಿಗೆ ಎದುರಾಗಿ ಹುಳಿ, ಒಗರು ಕೊಡುತ್ತಿತ್ತು. ಕಲ್ಲಾಗದಂತೆ ತಡೆಯುತ್ತಿತ್ತು. ಘಮಕ್ಕೆ ಕಳಿತ ಪ್ಲಮ್ಮೇ ಸಾಕು, ಸ್ವಲ್ಪ ಜಾಸ್ತಿ ಹಾಕಿದರಾಯಿತು. ಹುಳಿಗೆ ನಿಂಬೆ ಇದೆ. ಒಗರಿಗೆ? ಕಡು ಟೀ. ಹಾಲು ಹಾಕದ, ಗಾಢವಾಗಿ ಇಳಿಸಿದ ಕಪ್ಪು ಟೀಯಲ್ಲಿ ಒಳ್ಳೆಯ ಒಗರಿದೆ, ಪ್ಲಮ್ಮಿನ ಜೊತೆ ಹೊಂದುತ್ತದೆ ಕೂಡ.

ಗಟ್ಟಿಯಾಗದಂತೆ ತಡೆಯುವ ಕೆಲಸಕ್ಕೆ ಜೇನುತುಪ್ಪ ಸಿಕ್ಕಿತು. ಜೇನಿನ ಸಕ್ಕರೆ ಬಹುಪಾಲು ಗ್ಲೂಕೋಸ್ ಮತ್ತು ಫ್ರಕ್ಟೋಸ್. ಇವುಗಳ ಅಣು ನಾವು ಬಳಸುವ ಸಕ್ಕರೆಯ ಅಣುವಿನ ಸುಮಾರು ಅರ್ಧದಷ್ಟೇ ತೂಕದ್ದು. ಹಾಗಾಗಿ ಅಷ್ಟೇ ತೂಕಕ್ಕೆ ಎರಡು ಪಟ್ಟು ಕೆಲಸ. ಆಲ್ಕೋಹಾಲಿನಷ್ಟು ಬಲವಿಲ್ಲ, ಆದರೂ ಸಾಕು. ತಿರುಳು 700 ಗ್ರಾಂ, ಸಕ್ಕರೆ 130 ಗ್ರಾಂ, ಜೇನು 60 ಗ್ರಾಂ, ಟೀ 100 ಮಿ.ಲೀ., ಒಂದು ದೊಡ್ಡ ಚಮಚ ನಿಂಬೆರಸ. ಎರಡನೇ ಪ್ರಯತ್ನಕ್ಕೇ ಹದ ಬಂತು. ಜೇನಿನದೇ ಒಂದು ವಾಸನೆ ಇರುವುದರಿಂದ ತಿಳಿ ಬಣ್ಣದ, ಸೌಮ್ಯವಾದ ಜೇನನ್ನು ಆರಿಸಿಕೊಳ್ಳುತ್ತೇನೆ.

ಈಗ ಪ್ಲಮ್ ಸಿಗುವ ಕಾಲದಲ್ಲಿ ಎರಡು ಡಬ್ಬಿ ಮಾಡುತ್ತೇನೆ. ಎರಡರ ಬಣ್ಣವೂ ಹೆಚ್ಚು ಕಡಿಮೆ ಒಂದೇ, ಗೊಂದಲವಾಗಬಾರದು. ವೈನ್ ಇರುವ ಡಬ್ಬಿಗೆ ಕೆಂಪು ದಾರ ಕಟ್ಟುತ್ತೇನೆ. ಬಳಸುವ ಚಮಚವೂ ಬೇರೆ, ಕೆರೆಯುವ ಫೋರ್ಕೂ ಬೇರೆ. ಮಾಡುವಾಗ ಟೀಯದನ್ನು ಮೊದಲು ಮಾಡಿ ಮುಚ್ಚಿಟ್ಟು, ಆಮೇಲಷ್ಟೇ ವೈನ್ ಬಾಟಲಿ ತೆರೆಯುತ್ತೇನೆ. ಎರಡನ್ನೂ ವಾರ ಹತ್ತು ದಿನದಲ್ಲಿ ಮುಗಿಸುವುದು ಒಳ್ಳೆಯದು. ಬಾಗಿಲು ತೆಗೆದು ಹಾಕಿದಂತೆಲ್ಲ ಸಣ್ಣ ಹರಳು ಕರಗಿ ದೊಡ್ಡ ಹರಳಿಗೆ ಅಂಟಿಕೊಳ್ಳುತ್ತಾ ಹೋಗುತ್ತದೆ, ನುಣುಪು ಉಳಿಯುವುದಿಲ್ಲ.

ಗೆಳೆಯ ಮತ್ತೆ ಊಟಕ್ಕೆ ಬಂದ ದಿನ ಬಟ್ಟಲು ಕೊಡುವ ಮೊದಲೇ ಹೇಳಿದೆ. "ಇದರಲ್ಲಿ ವೈನ್ ಇಲ್ಲ, ಹಾಕಿಯೂ ಇಲ್ಲ. ಪ್ಲಮ್, ಸಕ್ಕರೆ, ಜೇನು, ಟೀ, ನಿಂಬೆ. ಅಷ್ಟೇ. ವೈನ್ ಇರೋದು ಬೇರೆ ಡಬ್ಬಿ, ಅದಕ್ಕೆ ಕೆಂಪು ದಾರ ಕಟ್ಟಿದ್ದೀನಿ."

ಅವನು ಬಟ್ಟಲನ್ನು ಮೂಗಿನ ಹತ್ತಿರ ತಂದ. ಒಂದು ಚಮಚ ತಿಂದ. ಇನ್ನೊಂದು ತಿಂದ. "ಈ ಒಗರು ಟೀಯದಾ?" ಅಂದ. ಹೌದು ಅಂದೆ. ಮತ್ತೆ ಮಾತಾಡಲಿಲ್ಲ, ತಿನ್ನುತ್ತಾ ಕೂತ. ತಳದಲ್ಲಿ ಕರಗಿ ಉಳಿದದ್ದನ್ನು ಬಟ್ಟಲು ಎತ್ತಿ ಕುಡಿದ. ಆಮೇಲೆ ಎದ್ದು, ಬಟ್ಟಲು ಹಿಡಿದುಕೊಂಡೇ, ನನ್ನನ್ನು ಕೇಳದೆ ಅಡುಗೆಮನೆಗೆ ಹೋದ. ಫ್ರೀಜರಿನ ಬಾಗಿಲು ತೆರೆದ ಸದ್ದು ಕೇಳಿಸಿತು.

"ದಾರ ಇಲ್ಲದ್ದು ತಾನೇ?" ಅಂತ ಅಲ್ಲಿಂದಲೇ ಕೂಗಿದ.

"ಹೂಂ, ದಾರ ಇಲ್ಲದ್ದು."